ನರ್ಗಿಸ್ ಪಾತಿಯ ಹಳದಿ ಎಲೆಗಳು

ಹಿಮದ ಬೆಟ್ಟಗಳ ನಡುವೆ, ನದಿಯ ದಂಡೆಯಲ್ಲಿ, ಅಕ್ಕಯ್ಯನವರ ಆಶ್ರಮ. ಹೆಬ್ಬಾಗಿಲ ಎದುರಿಗೇ ನರ್ಗಿಸ್ ಹೂವಿನ ಪಾತಿ. ಈರುಳ್ಳಿಯಂಥ ಗಡ್ಡೆಗಳು ಚಳಿಗಾಲವಿಡೀ ಹಿಮದಡಿ ಮಲಗಿದ್ದು, ವಸಂತದಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವು.

ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಊರೂರು ಸುತ್ತಿದ ಅಂಬುಜಾಕ್ಷಿ ಅಲ್ಲಿಗೆ ಬಂದಾಗ ಹೂವಿನ ಕಾಲ ಆಗತಾನೇ ಮುಗಿದಿತ್ತು. ಹೆಗಲ ಚೀಲ ಇಳಿಸುವ ಮೊದಲೇ ಅವಳು ದೀಕ್ಷೆ ಕೇಳಿದಳು.

"ಈ ಪಾತಿ ನೋಡಿಕೋ," ಅಂದರು ಅಕ್ಕಯ್ಯ. "ನಿನ್ನ ಆರೈಕೆಯಲ್ಲಿ ಒಂದು ಸಲ ಹೂ ಬಿಡಲಿ. ಆಮೇಲೆ ದೀಕ್ಷೆಯ ಮಾತು."

"ಅಷ್ಟೇನಾ?"

"ಅಷ್ಟೇ."

ಅಂಬುಜಾಕ್ಷಿ ಸೆರಗು ಸಿಕ್ಕಿಸಿದಳು. ಬಾಗಿ ಬಿದ್ದ, ತುದಿ ಹಳದಿಗಟ್ಟಿದ ಎಲೆಗಳು ಅವಳ ಕಣ್ಣಿಗೆ ಸರಿಬೀಳಲಿಲ್ಲ. ಕುಡುಗೋಲು ತಂದು ನೆಲಮಟ್ಟಕ್ಕೆ ಸವರಿದಳು. ಪಾತಿ ಸಾರಿಸಿದ ಅಂಗಳದ ಹಾಗಾಯಿತು.

ಅಕ್ಕಯ್ಯ ಜಗಲಿಯಲ್ಲಿ ಕೂತು ನೋಡುತ್ತಿದ್ದರು.

ವರ್ಷವಿಡೀ ಅವಳು ದುಡಿದಳು. ಕಳೆ ಕಿತ್ತಳು, ಕುರಿಗೊಬ್ಬರ ಹಾಕಿದಳು, ಗಡ್ಡೆ ಕೊಳೆಯದಿರಲೆಂದು ನೀರು ಹರಿದುಹೋಗಲು ಕಾಲುವೆ ತೋಡಿದಳು. ಧ್ಯಾನಕ್ಕೆ ಕೂತು ಕಣ್ಣು ಮುಚ್ಚಿದರೂ ಗಡ್ಡೆಗಳೇ ಕಾಣುತ್ತಿದ್ದವು.

ವಸಂತ ಬಂತು. ಎಲೆ ಬಂತು, ಹುಲ್ಲಿನ ಹಾಗೆ ತೆಳ್ಳಗೆ. ಹೂ ಬರಲಿಲ್ಲ. ಹೆಸರಿಗೊಂದು ಮೊಗ್ಗೂ ಇಲ್ಲ.

ಅಂಬುಜಾಕ್ಷಿ ಚೀಲ ಹೆಗಲಿಗೇರಿಸಿ ಜಗಲಿಗೆ ಬಂದಳು.

"ಎಲ್ಲಿಗೆ?"

"ಇನ್ನೊಂದು ಆಶ್ರಮಕ್ಕೆ."

"ನಮ್ಮದು ಎಷ್ಟನೆಯದು?"

"ಏಳನೆಯದು."

"ಆರು ಗುರುಗಳ ಜೊತೆಗೂ ಜಗಳವೇ?"

"ಛೆ, ಜಗಳ ಎಲ್ಲಿಂದ ಬಂತು? ಅವರು ಹೇಳಿದ್ದಕ್ಕೆಲ್ಲ ಹೂಂ ಅಂದೆ. ಆಮೇಲೆ ಒಂದು ದಿನ ಹೊರಟುಬಂದೆ."

ಅಕ್ಕಯ್ಯನಿಗೆ ನಗು ಬಂತು. "ಹೊರಡುವ ಮೊದಲು ಒಂದು ಗಡ್ಡೆ ಅಗೆದು ತಾ."

ತಂದಳು. ಒತ್ತಿದರೆ ಬೆರಳಿಗೆ ಮೆತ್ತಗೆ ಸಿಕ್ಕಿತು.

"ಉಪವಾಸ ಬಿದ್ದಿದೆ," ಅಂದರು ಅಕ್ಕಯ್ಯ.

"ಅಷ್ಟು ಗೊಬ್ಬರ ಸುರಿದಿದ್ದೇನೆ!"

"ಹೂ ಮುಗಿದ ಮೇಲೆ ಈ ಎಲೆಗಳು ಬಿಸಿಲು ಕುಡಿದು ಗಡ್ಡೆಗೆ ಉಣಿಸುತ್ತವೆ. ತಾವಾಗಿ ಒಣಗುವ ತನಕ, ಒಂದೂವರೆ ತಿಂಗಳು. ಮುಂದಿನ ವರ್ಷದ ಹೂವು ಒಳಗೆ ತಯಾರಾಗೋದು ಆ ಊಟದಿಂದಲೇ. ನೀನು ಬಂದ ದಿನವೇ ಉಣ್ಣುವವರ ಮುಂದಿನ ಎಲೆ ಎತ್ತಿಬಿಟ್ಟೆ."

"ನೀವು ನೋಡುತ್ತಾ ಕೂತಿದ್ದಿರಿ! ಒಂದು ಮಾತು ಹೇಳಬಾರದಿತ್ತೇ?"

"ಹೇಳಿದ್ದರೆ ನೀನು ಹೂಂ ಅಂತಿದ್ದೆ, ಅಷ್ಟೇ."

ಅಂಬುಜಾಕ್ಷಿಗೆ ಮೈಯೆಲ್ಲ ಉರಿಯಿತು. ಚೀಲವನ್ನು ಮೂಲೆಗೆ ಎಸೆದಳು. ಗಡ್ಡೆಯನ್ನು ಮೂತಿ ಮೇಲಾಗಿ ಹಿಡಿದು ತಂದ ಕಡೆಯೇ ನೆಟ್ಟಳು.

"ಇನ್ನೊಂದು ವರ್ಷ ಇರುತ್ತೇನೆ," ಅಂದಳು. "ನೋಡೇಬಿಡೋಣ."

ಕೆಲವು ವಾರ ಕಳೆದವು. ಎಲೆಗಳು ಹಳದಿಯಾಗಿ ಕೆಸರಿನ ಮೇಲೆ ಚೆಲ್ಲಾಪಿಲ್ಲಿ ಬಿದ್ದವು. ಬೆಟ್ಟದ ದಾರಿಯಲ್ಲಿ ಉಳಿದಿದ್ದ ಹಿಮವೂ ಕರಗಿತು. ಕೆಳಗಿನ ದೊಡ್ಡ ಮಠದ ಸ್ವಾಮಿಗಳು ಪರಿವಾರ ಸಮೇತ ಬರುತ್ತಾರೆಂದು ಸುದ್ದಿ ಬಂತು.

ಅವರು ಬರುವ ದಿನ ಬೆಳಿಗ್ಗೆ ಹೆಬ್ಬಾಗಿಲಿಗೆ ತೋರಣ ಕಟ್ಟಿಸಿ, ಅಕ್ಕಯ್ಯ ಕುಡುಗೋಲು ಹಿಡಿದು ಪಾತಿಯ ಬಳಿಗೆ ಬಂದರು.

"ತಗೋ ಅಂಬುಜಾ, ಸವರಿಬಿಡು. ಬಾಗಿಲಲ್ಲೇ ಇಂಥದ್ದನ್ನು ನೋಡಿದರೆ ಸ್ವಾಮಿಗಳು ಏನಂದುಕೊಂಡಾರು? ಹೂವಂತೂ ಇಲ್ಲ. ಬರೀ ಕೊಳಕು."

"ಇಲ್ಲ."

"ಏನಂದೆ?"

"ಸವರೋದಿಲ್ಲ. ಬುಡ ಇನ್ನೂ ಹಸಿರಿದೆ."

"ಇಲ್ಲಿ ಗುರು ಯಾರು?"

"ನೀವೇ."

"ದೀಕ್ಷೆ ಕೊಡುವವರು ಯಾರು?"

"ನೀವೇ ಅಕ್ಕಯ್ಯ. ಬೇಡವಾದರೆ ಕೊಡಬೇಡಿ. ಆಶ್ರಮ ಬಿಟ್ಟು ಹೋಗು ಅಂದರೆ ಹೋಗುತ್ತೇನೆ. ಆದರೆ ಇವು ಒಣಗಿದ ಮೇಲೆ. ಇನ್ನೂ ಇಪ್ಪತ್ತು ದಿನ ಬೇಕು."

"ಹಾಗಾದರೆ ನಾನೇ ಕೊಯ್ಯುತ್ತೇನೆ, ಸರಿ."

ಅಂಬುಜಾಕ್ಷಿ ಪಾತಿಯ ಅಂಚಿನ ಕೆಸರಿನಲ್ಲಿ ಕೂತುಬಿಟ್ಟಳು.

"ಕೊಯ್ಯಿರಿ. ಅದಕ್ಕೆ ಮೊದಲು ನನ್ನನ್ನು ಎತ್ತಿ ಆಚೆ ಹಾಕಬೇಕು. ನಾನೇನು ಹಗುರವಾಗಿಲ್ಲ."

ಅಷ್ಟರಲ್ಲಿ ನದಿಯ ಸೇತುವೆಯ ಕಡೆಯಿಂದ ಶಂಖದ ದನಿ ಕೇಳಿಸಿತು. ಕಾವಿಯ ಸಾಲು ಹೆಬ್ಬಾಗಿಲಿನತ್ತ ತಿರುಗುತ್ತಿತ್ತು.

ಅಕ್ಕಯ್ಯ ಅವಳನ್ನೊಮ್ಮೆ, ಎಲೆಗಳನ್ನೊಮ್ಮೆ ನೋಡಿದರು. ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೆಬ್ಬಾಗಿಲಿನ ತೋರಣ ಎಳೆದು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಎರಡೂ ಕೈ ಎತ್ತಿ ದಾರಿಗೆ ಅಡ್ಡ ನಿಂತು ಕೂಗಿದರು:

"ಸ್ವಾಮೀ, ಈ ಕಡೆ ಬೇಡ, ಹಿತ್ತಲಿಂದ ಬನ್ನಿ! ಇಲ್ಲಿ ನನ್ನ ಶಿಷ್ಯೆ ಕೆಲಸದಲ್ಲಿದ್ದಾಳೆ."