ಸಣ್ಣಮಾದ ಜೆಟ್ಟು ತಂದದ್ದು

ಕೇಳ್ರಪ್ಪಾ, ನಗೋರು ನಗಿ, ದೊಡ್ಡತಾಯಮ್ಮನಿಗೆ ಮಾತ್ರ ನಗು ಬರ್ತಿರಲಿಲ್ಲ. ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ಮಾರೋ ಹೆಂಗಸು. ದಿನಾ ಬೆಳಗ್ಗೆ ಇಡ್ಲಿ ಪಾತ್ರೆ ತಲೆ ಮೇಲೆ ಹೊತ್ತು ಹೊತ್ತು ಮಂಡಿ ಎರಡೂ ಸವೆದುಹೋಗಿದ್ವು. ಸತ್ತ ಗಂಡನ ಹಳೇ ಮೋಟರ್‌ಸೈಕಲ್ಲು ಗೋಡೆಗೆ ಒರಗಿತ್ತು. ಮಗ ಸಣ್ಣಮಾದನಿಗೆ ಗಾಡಿ ಓಡಿಸೋದು ಬರ್ತಿತ್ತು, ಅದೊಂದೇ ಬರ್ತಿತ್ತು. ಆದ್ರೆ ಗಾಡಿ ಕೆಮ್ಮೋದು, ಕರೀ ಹೊಗೆ ಉಗಿಯೋದು, ನಿಂತೇಬಿಡೋದು.

ಮೆಕ್ಯಾನಿಕ್ ಖಲಂದರ್ ಸಾಬರು ಅಂದ್ರು: "ನಿಮ್ಮ ಯಜಮಾನರು ಬೇರೆ ಯಾವುದೋ ಗಾಡಿ ಕಾರ್ಬರೇಟರ್ ಕೂರಿಸವ್ರೆ ಕಣಮ್ಮ. ಅದರ ಮೈಮೇಲೆ ನಂಬರ್ ಇರ್ತದೆ, ಕೊಳೆ ತೆಗೆದು ಕಳಿಸು. ಯಾವುದು ಅಂತ ಗೊತ್ತಾದ್ರೆ ತಕ್ಕ ಜೆಟ್ಟು ಹಾಕ್ತೀನಿ."

ಜೆಟ್ಟು ಅಂದ್ರೆ ಕಾರ್ಬರೇಟರ್ ಒಳಗೆ ಕೂರೋ ಇಷ್ಟೇ ಇಷ್ಟು ಹಿತ್ತಾಳೆ ತಿರುಪು, ನಡುವೆ ಸೂಜಿತೂತು. ಎಂಜಿನ್ನಿಗೆ ಪೆಟ್ರೋಲು ಹೋಗೋದು ಆ ತೂತಿನಲ್ಲೇ.

"ಮಾದ, ಕೊಳೆ ಒಂಚೂರೂ ಇರಬಾರ್ದು, ಉಜ್ಜು!" ಅಂದಳು ತಾಯಿ.

ಉಜ್ಜಿದ. ಉಪ್ಪುಕಾಗದ ತಗೊಂಡು ಉಜ್ಜಿದ, ಮಧ್ಯಾಹ್ನದ ತನಕ ಉಜ್ಜಿದ. ಫಳಫಳ! ನಂಬರೂ ಇಲ್ಲ, ಗಿಂಬರೂ ಇಲ್ಲ.

"ಅಯ್ಯೋ ನನ್ನ ಕರ್ಮವೇ! ಸೀಮೆಎಣ್ಣೇಲಿ ಅದ್ದಿ ತೆಗೆದಿದ್ರೆ ಸಾಕಾಗಿತ್ತಲ್ಲೋ!"

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಸಾಬರು ಕಾರ್ಬರೇಟರನ್ನ ತಿರುಗಿಸಿ ಮುರುಗಿಸಿ ನೋಡಿ, ಅದರ ಬಾಯಗಲ ಅಳೆದು, ಹೆಂಗೋ ಗುರುತು ಹಿಡಿದ್ರು. ಜೆಟ್ಟಿನ ನಂಬರನ್ನ ಚೀಟೀಲಿ ಬರೆದು, ಅಂಗಡೀಲಿ ತಗೊಂಡು ಬಾ ಅಂದ್ರು. ಮಾದ ದಾರೀಲಿ ಮನೆಗೆ ಬಂದ, ಚೀಟೀನ ಸೀಮೆಎಣ್ಣೇಲಿ ಅದ್ದಿದ. ಶಾಯಿಯೆಲ್ಲ ಕದಡಿಹೋಯ್ತು.

"ಚೀಟಿ ಅದ್ದುತಾರೇನ್ಲಾ, ಮಂಕುದಿಣ್ಣೆ! ಮಡಚಿ, ಚಪ್ಪಟೆ ಮಾಡಿ, ಜೇಬಲ್ಲಿ ಇಟ್ಕೋಬೇಕು!"

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಸಾಬರು ಇನ್ನೊಂದು ಚೀಟಿ ಕೊಟ್ರು. ಈ ಸಲ ಮಡಚಿಟ್ಕೊಂಡ, ಅಂಗಡಿಗೆ ಹೋದ, ಜೆಟ್ಟು ಸಿಕ್ತು! ಸಿಕ್ಕಿದ್ದೇನೋ ಸಿಕ್ತು, ಮಡಚೋಕೆ ನೋಡಿದ್ರೆ ಬಗ್ಗಲಿಲ್ಲ. ಪಕ್ಕದ ಕುಲುಮೇಲಿ ಸುತ್ತಿಗೆ ಇಸ್ಕೊಂಡ. ಟಣ್! ಟಣ್! ಚಪ್ಪಟೆ ಮಾಡಿ, ಜೇಬಲ್ಲಿಟ್ಕೊಂಡು ಬಂದ.

ದೊಡ್ಡತಾಯಮ್ಮ ಅದನ್ನ ಅಂಗೈಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟಳು. ಬೈಯೋಕೂ ಶಕ್ತಿ ಇರಲಿಲ್ಲ ಪಾಪ.

"ಸಾಕಾಯ್ತು ಕಣೋ ಮಗಾ. ಇಂಥ ನಾಜೂಕು ಸಾಮಾನನ್ನ ಕುಲುಕದಂಗೆ, ನೆಲಕ್ಕೆ ತಾಗದಂಗೆ ತರಬೇಕು ಕಣಪ್ಪ. ಹೋಗು, ಗಾಡೀನೇ ತಳ್ಕೊಂಡು ಹೋಗಿ ಸಾಬರ ಮುಂದೆ ನಿಲ್ಸು. ಹೊಸ ಜೆಟ್ಟು ಅವರೇ ಹಾಕ್ಲಿ. ಬೆಳಗ್ಗೆ ನಾನು ಇಡ್ಲಿ ಬೇಯ್ಸಿ ಕಾಯ್ತಿರ್ತೀನಿ."

"ಹೂಂ ಕಣವ್ವ!"

ಬೆಳಗಾಯ್ತು. ಪಾತ್ರೆ ತಲೆ ಮೇಲೆ ಹೊತ್ತು ಬಾಗಿಲಲ್ಲಿ ನಿಂತಳು. ದೂರದಲ್ಲಿ ಡುಗುಡುಗುಡುಗು ಸದ್ದು. ಕೆಮ್ಮಿಲ್ಲ, ಹೊಗೆಯಿಲ್ಲ! ಎಷ್ಟೋ ವರ್ಷಕ್ಕೆ ಅವಳ ಮುಖ ಅರಳ್ತು. ಇನ್ನು ನಡಿಯೋದು ತಪ್ತು ಅಂದ್ಕೊಂಡಳು.

ಮಾದ ಬಂದ. ತರಕಾರಿ ಮಾರೋರ ತಳ್ಳೋಗಾಡಿ ಇಸ್ಕೊಂಡಿದ್ದ. ಅದರ ಮೇಲೆ ಮೋಟರ್‌ಸೈಕಲ್ಲು ಹತ್ತಿಸಿ, ಹಗ್ಗ ಕಟ್ಟಿದ್ದ. ಎಂಜಿನ್ನು ಓಡ್ತಾನೇ ಇತ್ತು. ಮಾದ ಬೆವರಿ ನೀರಾಗಿದ್ದ.

"ನೋಡವ್ವ, ಕುಲುಕಿಲ್ಲ! ನೆಲಕ್ಕೆ ತಾಗಿಲ್ಲ! ನಡಿ, ಬಸ್‌ಸ್ಟ್ಯಾಂಡಿಗೆ."

"ಇಡ್ಲಿ ಎಲ್ಲಿಡಲೋ?"

"ತಲೆ ಮೇಲೇ ಇರ್ಲಿ ಕಣವ್ವ, ಇದು ಆಗ್ಲೇ ಭಾರ ಐತೆ. ಏರು ಬಂದಾಗ ಒಂಚೂರು ಹಿಂದಿಂದ ತಳ್ಳು."

ಏನ್ ಮಾಡ್ತಾಳೆ? ತಳ್ಳಿದಳು.