ಕಂಪೌಂಡರ್ ಬರೆದ ಮುಖ

ಫಕೀರಪ್ಪ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕಂಪೌಂಡರ್. ಹೊಟ್ಟೆಪಾಡಿಗೆ ಆ ಕೆಲಸ. ಜೀವವೆಲ್ಲ ಚಿತ್ರದ ಮೇಲೆ. ಮದುವೆಯಾಗಿರಲಿಲ್ಲ. ಸಂಜೆ ಮನೆಗೆ ಬಂದವನೇ ಬಾಗಿಲು ಹಾಕಿಕೊಂಡು ಗುಡ್ಡ, ಕೆರೆ, ಮೋಡ ಬರೆಯುತ್ತ ಕೂರುತ್ತಿದ್ದ. ಬರೆದದ್ದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ‘ಕೆಮ್ಮು ನೆಗಡಿ ಅಂತ ಬರೋ ಈ ಮಂದಿಗೆ ಚಿತ್ರ ಏನು ತಿಳೀತದ?’ ಎಂದುಕೊಳ್ಳುತ್ತಿದ್ದ. ಆಸ್ಪತ್ರೆಯ ಕಿಟಕಿಯಲ್ಲಿ ಚೀಟಿ ಬಂದರೆ ಚೀಟಿ ನೋಡುತ್ತಿದ್ದ, ಬಾಟಲಿ ಬಂದರೆ ಬಾಟಲಿ ತುಂಬುತ್ತಿದ್ದ. ತಲೆ ಎತ್ತುತ್ತಿರಲಿಲ್ಲ.

ಇಪ್ಪತ್ತು ವರ್ಷ ಹೀಗೇ ಕಳೆಯಿತು. ಮನೆಯ ಗೋಡೆಗಳೆಲ್ಲ ಚಿತ್ರಗಳಿಂದ ತುಂಬಿದವು. ನೋಡಿ ‘ಚಲೋ ಆಗೈತಿ’ ಎನ್ನಲು ಒಂದು ನರಪಿಳ್ಳೆಯೂ ಇರಲಿಲ್ಲ.

ಒಂದು ಭಾನುವಾರ ಪಕ್ಕದ ಹಳ್ಳಿಯ ದ್ಯಾಮವ್ವ ಎಂಬ ಕೂಲಿ ಹೆಂಗಸು ಅವನ ಬಾಗಿಲಿಗೆ ಬಂದಳು.

“ಸಾಹೇಬ್ರ, ನೀವು ಚಿತ್ರ ಬರೀತೀರಿ ಅಂತ, ನಿಮ್ಮ ಮನ್ಯಾಗ ಇಣುಕಿದ ಹುಡುಗ್ರು ಓಣ್ಯಾಗ ಹೇಳಿದ್ರು. ನನ್ನ ಮಗಳು ಗಂಗಿ ಎರಡು ವರ್ಷದ ಹಿಂದ ಜ್ವರ ಬಂದು ತೀರಿಕೊಂಡ್ಲು. ಒಂದು ಫೋಟೋನೂ ಇಲ್ರಿ. ಈಗೀಗ ಮುಖ ಮರತು ಹೊಂಟೈತಿ. ಆಗ ಎಂಟು ದಿನ ಅಕೀನ್ನ ಹೊತ್ಕೊಂಡು ದವಾಖಾನ್ಯಾಗ ನಿಮ್ಮ ಕಿಟಕಿ ಮುಂದ ನಿಂತೀನಿ. ನೀವು ಅಕೀನ್ನ ನೋಡೀರಿ. ಬರದು ಕೊಡ್ರಿ.”

ಫಕೀರಪ್ಪ ಪೆನ್ಸಿಲು ಹಿಡಿದು ಕೂತ. ಆ ದಿನಗಳಲ್ಲಿ ತುಂಬಿಕೊಟ್ಟ ಕೆಂಪು ಔಷಧದ ಬಾಟಲಿ ಮಾತ್ರ ನೆನಪಾಯಿತು. ಮುಖ ಬರಲಿಲ್ಲ. ಯಾವುದಾದರೂ ಮುದ್ದು ಮುಖ ಬರೆದು ಕೊಟ್ಟರಾಯಿತು, ಇವಳಿಗೇನು ಗೊತ್ತಾದೀತು ಅನ್ನಿಸಿತು. ಆದರೆ ಅವಳು ಉಸಿರು ಬಿಗಿಹಿಡಿದು ಅವನ ಕೈಯನ್ನೇ ನೋಡುತ್ತಿದ್ದಳು. ಕೈ ಓಡಲಿಲ್ಲ.

“ಅವ್ವಾ, ನಾ ನಿನ್ನ ಮಗಳ ಮುಖ ನೋಡಿಲ್ಲ. ಎಂಟು ದಿನದಾಗ ಒಮ್ಮೆನೂ ತಲಿ ಎತ್ತಿಲ್ಲ,” ಎಂದ.

ದ್ಯಾಮವ್ವ ತಿರುಗಿ ಹೋಗುತ್ತಾಳೆ ಅಂದುಕೊಂಡ. ಆದರೆ ಅವಳು ನೆಲಕ್ಕೆ ಕೂತು, “ನಾ ಹೇಳ್ತೀನಿ, ನೀವು ಬರೀರಿ,” ಎಂದಳು.

ಆರು ಭಾನುವಾರ ಬಂದಳು. “ಹಣಿ ಇಷ್ಟು ಅಗಲ ಇರಲಿಲ್ರಿ.” “ನಕ್ಕರ ಎಡಗಣ್ಣು ಸಣ್ಣದಾಗ್ತಿತ್ತು.” ಅವನು ಬರೆದ, ಅಳಿಸಿದ, ಮತ್ತೆ ಬರೆದ. ಮಗಳನ್ನು ಹುಡುಕುತ್ತ ತಾಯಿಯ ಮುಖವನ್ನು ಕಣ್ತುಂಬ ನೋಡಿದ. ಒಬ್ಬ ವ್ಯಕ್ತಿಯನ್ನು ಅವನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಕೊನೆಗೆ ಅವಳು ಹಾಳೆಯನ್ನು ಎದೆಗವಚಿಕೊಂಡು ಅತ್ತಳು. “ಪೂರಾ ಅಕಿ ಅಲ್ರಿ. ಆದ್ರ ಅಕಿ ನಗೂ ಬಂದೈತಿ,” ಎಂದು ಹೇಳಿ ಹೊರಟುಹೋದಳು.

ಮುಂದಿನ ಭಾನುವಾರ ಯಾರೂ ಬರಲಿಲ್ಲ. ಮನೆ ಎಂದಿಗಿಂತ ಹೆಚ್ಚು ಖಾಲಿ ಅನ್ನಿಸಿತು. ಮಧ್ಯಾಹ್ನದವರೆಗೆ ತಡೆದ ಫಕೀರಪ್ಪ ಕೊನೆಗೆ ಚಪ್ಪಲಿ ಮೆಟ್ಟಿ ಅವಳ ಹಳ್ಳಿಯ ದಾರಿ ಹಿಡಿದ. ಏನು ಹೇಳಬೇಕೋ ತಿಳಿಯದೆ ಅವಳ ಮನೆಯ ಹೊಸ್ತಿಲ ಹೊರಗೇ ನಿಂತ.

ದ್ಯಾಮವ್ವ ರೊಟ್ಟಿ ಬಡಿಯುತ್ತಿದ್ದಳು. ಯಾಕೆ ಬಂದಿರಿ ಎಂದು ಕೇಳಲಿಲ್ಲ.

“ಒಳಗ ಬರ್ರಿ ಸಾಹೇಬ್ರ. ಬಿಸಿ ಐತಿ, ಉಣ್ಣಾಕ ಕೂಡ್ರಿ,” ಎಂದಳು.

ನೀತಿ: ಕೈಯಲ್ಲಿ ಎಷ್ಟು ಕಲೆಯಿದ್ದರೇನು, ಎದುರಿಗೆ ನಿಂತವರ ಮುಖ ನೋಡದವನು ಒಂಟಿಯೇ. ಹೊಟ್ಟೆಪಾಡಿನ ಕೆಲಸವನ್ನೂ ಕಣ್ಣು ತೆರೆದು ಮಾಡಬೇಕು.