ಹೊಗೆಗೆ ಬೆಲ್ಲದ ಮದ್ದು

ಮನೆಯ ಹಿಂದಿನ ಶೆಡ್ಡಿನಲ್ಲಿ ಮೌನೇಶಪ್ಪ ಗೇಟು ವೆಲ್ಡಿಂಗ್ ಮಾಡುತ್ತಿದ್ದ. ಹೊಗೆ ಎಳೆಯಲೆಂದೇ ಗೋಡೆಗೆ ಕೂರಿಸಿದ ಫ್ಯಾನು ಆರು ತಿಂಗಳಿಂದ ತಿರುಗದೆ ಒಳಗೊಳಗೇ ಕುದಿಯುತ್ತಿತ್ತು.

“ಫ್ಯಾನಾದ್ರೂ ಹಾಕ್ಕೊಳ್ರೀ!” ಎಂದು ಹೆಂಡತಿ ಗಂಗಮ್ಮ ಅಡುಗೆಮನೆಯಿಂದ ಕೂಗಿದಳು.

“ಅದರ ಗದ್ದಲ ಯಾರಿಗೆ ಬೇಕು? ಬೆಲ್ಲ ತಿಂತೀನಲ್ಲ, ಎದೆಯಲ್ಲಿರೋ ಹೊಗೆಯೆಲ್ಲ ಇಳಿದುಹೋಗುತ್ತೆ,” ಎಂದು ಮೌನೇಶಪ್ಪ ಕೆಮ್ಮುತ್ತಲೇ ಹೇಳಿದ.

ಹಲಗೆಯ ಮೇಲೆ ತೆರೆದಿಟ್ಟಿದ್ದ ಬೆಲ್ಲದಚ್ಚು ಬೀಗಿತು. “ಕೇಳಿದೆಯಾ? ಅವನ ಎದೆ ತೊಳೆಯುವುದು ನಾನು.”

ಫ್ಯಾನಿಗೆ ಮೈಯೆಲ್ಲ ಉರಿಯಿತು. “ನಾಚಿಕೆಯಾಗಬೇಕು ನಿನಗೆ! ನೀನು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಅದನ್ನು ಮೂಗು ಮುಟ್ಟುವ ಮೊದಲೇ ಆಚೆ ಎಸೆಯಬಲ್ಲ ನಾನು ಇಲ್ಲಿ ಸುಮ್ಮನೆ ಕೂರಬೇಕು, ಮರ್ಯಾದೆಯೆಲ್ಲ ನಿನಗೆ! ಅವನ ಎದೆ ಆಮೇಲಿರಲಿ, ಮೊದಲು ನಿನ್ನ ಮೈ ನೋಡಿಕೋ.”

“ನನ್ನ ಮೈಗೇನಾಗಿದೆ? ಬೆಲ್ಲ ಇದ್ದಲ್ಲಿಗೆ ಇರುವೆ ಬಂದೇ ಬರುತ್ತದೆ. ಅಗೋ, ಬಂದವು ನೋಡು.”

ಇರುವೆಗಳ ಸಾಲು ಹಲಗೆ ಹತ್ತಿ ಬಂತು. ಮುಂದಿದ್ದ ಇರುವೆ ಅಚ್ಚಿನ ಮೇಲೆ ಕೂತ ಕಪ್ಪು ಮಸಿಗೆ ಮೀಸೆ ತಾಗಿಸಿ, “ಥೂ, ಇದನ್ನು ಯಾರು ತಿನ್ನುತ್ತಾರೆ!” ಎಂದಿತು. ಸಾಲಿಗೆ ಸಾಲೇ ಹಿಂದಕ್ಕೆ ತಿರುಗಿತು.

ಬೆಲ್ಲ ಬೆಚ್ಚಿ ತನ್ನ ಮೈ ನೋಡಿಕೊಂಡಿತು. “ಅಯ್ಯೋ, ಯಾರಾದರೂ ಆ ಫ್ಯಾನು ಹಾಕ್ರೋ!” ಎಂದು ಕಿರುಚಿತು.

ಮೌನೇಶಪ್ಪ ಮುಖವಾಡ ಸರಿಸಿ ಎದ್ದು ಬಂದ. ಅವನ ಕೈ ಸ್ವಿಚ್ಚಿನ ಪಕ್ಕದಲ್ಲೇ ಹಾದು ಬೆಲ್ಲದ ಕಪ್ಪು ಮೂಲೆಯೊಂದನ್ನು ಮುರಿಯಿತು. ಇರುವೆ ಒಲ್ಲದ್ದನ್ನು ಚಪ್ಪರಿಸುತ್ತ ಅವನು ಮತ್ತೆ ಹೊಗೆಯೊಳಗೆ ಬಗ್ಗಿದ.